ಸಮಕಾಲೀನತೆಯ ಪ್ರಶ್ನೆ: ಜೆ. ಸ್ವಾಮಿನಾಥನ್ ಅವರ ಕಲಾ ಬರಹಗಳು ಮತ್ತು ಜಾನಪದ ಅಧ್ಯಯನ

ಸ್ವಾತಂತ್ರ್ಯೋತ್ತರ ಭಾರತದ ಚಿತ್ರಕಲೆಯನ್ನು ಕುರಿತ ಚರ್ಚೆಯಲ್ಲಿ ಜಗದೀಶ್ ಸ್ವಾಮಿನಾಥನ್ (1928–1994) ಅವರ ಹೆಸರು ಸಾಮಾನ್ಯವಾಗಿ ಎರಡು ಕಾರಣಗಳಿಗಾಗಿ ಬರುತ್ತದೆ. ಬೆಟ್ಟ, ಮರ, ಹಕ್ಕಿಗಳನ್ನು ಬಯಲಿನಂತಹ ಹಳದಿಯ ಮೇಲೆ ತೇಲಿಬಿಟ್ಟ ಚಿತ್ರಗಳು ಒಂದು. ಭೋಪಾಲದ ಭಾರತ ಭವನದಲ್ಲಿ ಅವರು ಕಟ್ಟಿದ ‘ರೂಪಂಕರ್’ ಸಂಗ್ರಹಾಲಯ ಇನ್ನೊಂದು. ಇವೆರಡರ ನಡುವೆ ಮೂರು ದಶಕಗಳ ಕಾಲ ಅವರು ನಡೆಸಿದ ಬರವಣಿಗೆ ಕಲಾಶಾಲೆಗಳ ಹೊರಗೆ ಅಷ್ಟಾಗಿ ಓದಿಗೆ ಒಳಗಾಗಿಲ್ಲ. ಜಾನಪದ ವಿದ್ವಾಂಸರಂತೂ ಅದನ್ನು ಚಿತ್ರಕಾರನೊಬ್ಬನ ಖಾಸಗಿ ಅಭಿಪ್ರಾಯವೆಂದು ಬದಿಗಿರಿಸಿದ್ದೇ ಹೆಚ್ಚು. ಆದರೆ ಆ ಬರಹಗಳು ಎತ್ತುವ ಮೂಲ ಪ್ರಶ್ನೆ ಚಿತ್ರಕಲೆಗೆ ಎಷ್ಟು ಸೇರಿದ್ದೋ ಜಾನಪದ ಅಧ್ಯಯನಕ್ಕೂ ಅಷ್ಟೇ ಸೇರಿದ್ದು: ಇಂದು ಬದುಕಿರುವ, ಇಂದು ಚಿತ್ರ ಬರೆಯುತ್ತಿರುವ ಆದಿವಾಸಿಯೊಬ್ಬನ ಕೃತಿಯನ್ನು ಯಾವ ನ್ಯಾಯದಿಂದ ‘ಪ್ರಾಚೀನ’ ಎನ್ನಲಾಗುತ್ತದೆ?

ಸ್ವಾಮಿನಾಥನ್ ಈ ಪ್ರಶ್ನೆಗೆ ಬಂದದ್ದು ಕ್ಷೇತ್ರಕಾರ್ಯದ ದಾರಿಯಿಂದಲ್ಲ, ವಿಮರ್ಶೆಯ ಜಗಳದಿಂದ. ಶಿಮ್ಲಾದಲ್ಲಿ ತಮಿಳು ಕುಟುಂಬವೊಂದರಲ್ಲಿ ಹುಟ್ಟಿ, ತಾರುಣ್ಯದಲ್ಲಿ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರಾಗಿದ್ದ ಅವರು ಪತ್ರಕರ್ತರಾಗಿ ಜೀವನ ನಡೆಸುತ್ತ, ದೆಹಲಿ ಪಾಲಿಟೆಕ್ನಿಕ್ಕಿನ ಸಂಜೆ ತರಗತಿಗಳಲ್ಲಿ ಚಿತ್ರಕಲೆ ಅಭ್ಯಾಸ ಮಾಡಿದರು. ಐವತ್ತರ ದಶಕದ ಕೊನೆಯಲ್ಲಿ ಕೆಲಕಾಲ ವಾರ್ಸಾದ ಕಲಾ ಅಕಾಡೆಮಿಯಲ್ಲಿದ್ದು ಹಿಂತಿರುಗಿದ ಮೇಲೆ ‘ಲಿಂಕ್’ ವಾರಪತ್ರಿಕೆಗೆ ಕಲಾವಿಮರ್ಶೆ ಬರೆಯತೊಡಗಿದರು. ಪತ್ರಿಕೆಯ ಅಂಕಣ ಕಲಿಸಿದ ನೇರವೂ ಹರಿತವೂ ಆದ ಭಾಷೆ ಅವರ ಗದ್ಯದಲ್ಲಿ ಕೊನೆಯವರೆಗೂ ಉಳಿಯಿತು. ವಿಮರ್ಶಕನಾಗಿ ಅವರು ಕಂಡದ್ದು ಒಂದು ವಿಚಿತ್ರ ಪರಿಸ್ಥಿತಿ. ದೇಶ ಸ್ವತಂತ್ರವಾಗಿತ್ತು, ಅದರ ಚಿತ್ರಗಳಿಗೆ ಬೆಲೆ ಕಟ್ಟುವ ಅಳತೆಗೋಲು ಮಾತ್ರ ಪ್ಯಾರಿಸ್ ಲಂಡನ್ನುಗಳದ್ದಾಗಿತ್ತು. ಡಬ್ಲ್ಯು. ಜಿ. ಆರ್ಚರ್ ಅವರ ‘ಇಂಡಿಯಾ ಅಂಡ್ ಮಾಡರ್ನ್ ಆರ್ಟ್’ (1959) ಆ ಕಾಲದ ಪ್ರಮುಖ ಗ್ರಂಥ. ರವೀಂದ್ರನಾಥ ಠಾಕೂರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಅವರನ್ನು ಸಹಾನುಭೂತಿಯಿಂದಲೇ ನೋಡಿದ ಗ್ರಂಥವದು. ಆದರೂ ಅಲ್ಲಿ ಆಧುನಿಕತೆ ಯೂರೋಪಿನಲ್ಲಿ ಆಗಲೇ ನಡೆದುಹೋದ ಘಟನೆ. ಭಾರತದ ಕಲಾವಿದ ಅದನ್ನು ಎಷ್ಟು ಚೆನ್ನಾಗಿ ಅರಗಿಸಿಕೊಂಡ ಎಂಬುದೇ ಪರೀಕ್ಷೆ.

ಈ ಪರೀಕ್ಷೆಯನ್ನೇ ನಿರಾಕರಿಸಿದ್ದು ‘ಗ್ರೂಪ್ 1890’. 1962ರಲ್ಲಿ ಗುಜರಾತಿನ ಭಾವನಗರದಲ್ಲಿ ಸೇರಿದ ಕಲಾವಿದರು ತಮ್ಮ ಬಳಗಕ್ಕೆ ತಾವು ಕುಳಿತಿದ್ದ ಮನೆಯ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡರು. ಹೆಸರಿಗೆ ಅರ್ಥವಿರಬಾರದು ಎಂಬುದೇ ಅದರ ಅರ್ಥ. 1963ರ ಅಕ್ಟೋಬರ್‌ನಲ್ಲಿ ದೆಹಲಿಯ ಲಲಿತ ಕಲಾ ಅಕಾಡೆಮಿಯಲ್ಲಿ ನಡೆದ ಪ್ರದರ್ಶನದಲ್ಲಿ ಸ್ವಾಮಿನಾಥನ್ ಜೊತೆಗೆ ಗುಲಾಮ್ ಮೊಹಮ್ಮದ್ ಶೇಖ್, ಜೆರಾಮ್ ಪಟೇಲ್, ಅಂಬಾದಾಸ್, ಹಿಮ್ಮತ್ ಶಾ, ಜ್ಯೋತಿ ಭಟ್ಟ ಮೊದಲಾಗಿ ಹನ್ನೆರಡು ಮಂದಿಯ ಕೃತಿಗಳಿದ್ದವು. ಪ್ರಧಾನಿ ನೆಹರೂ ಉದ್ಘಾಟಿಸಿದರು. ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೋ ಪಾಜ್ ಮುನ್ನುಡಿ ಬರೆದರು. ಇಷ್ಟೆಲ್ಲ ವೈಭವದ ನಡುವೆಯೂ ಬಳಗ ಎರಡನೆಯ ಪ್ರದರ್ಶನ ಮಾಡಲಿಲ್ಲ. ಉಳಿದದ್ದು ಪ್ರಣಾಳಿಕೆ. ರವಿವರ್ಮನ ನೈಜತಾವಾದ, ಬಂಗಾಳ ಪಂಥದ ಗ್ರಾಮೀಣ ಆದರ್ಶ, ಯೂರೋಪಿನ ಆಧುನಿಕತೆಯಿಂದ ಹುಟ್ಟಿದ ಮಿಶ್ರ ಶೈಲಿ — ಮೂರನ್ನೂ ಅದು ಒಂದೇ ಉಸಿರಿನಲ್ಲಿ ತಳ್ಳಿಹಾಕುತ್ತದೆ. ಚಿತ್ರವು ಬೇರಾವುದನ್ನೋ ತೋರಿಸುವ ಕನ್ನಡಿಯಲ್ಲ, ತಾನೇ ಒಂದು ಅನುಭವ ಎಂಬುದು ಅದರ ವಾದದ ತಿರುಳು. ಇಲ್ಲಿ ಗಮನಿಸಬೇಕಾದ ಕೊರತೆಯೊಂದಿದೆ. ಮೂರು ದಾರಿಗಳನ್ನು ಮುಚ್ಚಿದ ಪ್ರಣಾಳಿಕೆ ನಾಲ್ಕನೆಯದನ್ನು ತೆರೆಯುವುದಿಲ್ಲ. ಹಳ್ಳಿಯ ಗೋಡೆಗಳಾಗಲಿ ಆದಿವಾಸಿಯ ಕೈಗಳಾಗಲಿ ಆ ಹೊತ್ತಿಗೆ ಇನ್ನೂ ಅವರ ವಾದದ ಕೇಂದ್ರಕ್ಕೆ ಬಂದಿರಲಿಲ್ಲ.

1966ರಲ್ಲಿ ಅವರು ಹೊರತಂದ ‘ಕಾಂಟ್ರಾ 66’ ಎಂಬ ಕಿರುಪತ್ರಿಕೆ ಅಲ್ಪಾಯುಷಿ. ಕಲಾವಿದರು ತಮ್ಮ ಕಲೆಯ ಬಗ್ಗೆ ತಾವೇ ಮಾತನಾಡಬೇಕು, ವಿಮರ್ಶಕರ ಕೈಗೆ ಮಾತನ್ನು ಬಿಟ್ಟುಕೊಡಬಾರದು ಎಂಬ ಹಟ ಅದರ ಹಿಂದಿತ್ತು. ಮೂರು ವರ್ಷಗಳ ತರುವಾಯ ಬರೋಡದಿಂದ ಶೇಖ್ ಮತ್ತು ಭೂಪೇನ್ ಖಖ್ಖರ್ ‘ವೃಶ್ಚಿಕ’ವನ್ನು ಆರಂಭಿಸಿದಾಗ ಈ ಹಟ ಮುಂದುವರಿಯಿತು. ಕನ್ನಡದಲ್ಲಿ ನವ್ಯರು ಸಾಹಿತ್ಯಕ್ಕಾಗಿ ಕಿರುಪತ್ರಿಕೆಗಳನ್ನು ನಡೆಸುತ್ತಿದ್ದ ಕಾಲವೂ ಇದೇ. ಆ ಕಾಲದ ಲೇಖಕನಂತೆ ಆ ಕಾಲದ ಚಿತ್ರಕಾರನೂ ತನ್ನ ಓದುಗನನ್ನು ತಾನೇ ತಯಾರು ಮಾಡಿಕೊಳ್ಳಬೇಕಾಗಿತ್ತು.

ಅವರ ವಿಚಾರದಲ್ಲಿ ತಿರುವು ಕಾಣುವುದು 1968ರಲ್ಲಿ ದೊರೆತ ನೆಹರೂ ಫೆಲೋಶಿಪ್ಪಿನ ಕಾಲದಲ್ಲಿ. ಸಮಕಾಲೀನ ಕಲೆಗೆ ಸಾಂಪ್ರದಾಯಿಕ ‘ನ್ಯೂಮೆನ್’ನ ಮಹತ್ವ ಎಂಬುದು ಅವರ ಅಧ್ಯಯನದ ವಿಷಯ. ಈ ಲ್ಯಾಟಿನ್ ಶಬ್ದಕ್ಕೆ ‘ದೈವತ್ವ’ ಎಂಬ ಅನುವಾದ ಅಷ್ಟು ಹೊಂದುವುದಿಲ್ಲ. ಒಂದು ಕಲ್ಲಿಗೆ, ಮರಕ್ಕೆ, ಸ್ಥಳಕ್ಕೆ ಇರುವ ಶಕ್ತಿಯನ್ನು ಕರಾವಳಿಯ ಜನ ‘ಕಾರಣಿಕ’ ಎನ್ನುತ್ತಾರಲ್ಲ, ಆ ಮಾತು ಇದಕ್ಕೆ ಹತ್ತಿರ. ಕುಂಕುಮ ಬಳಿದ ಕಲ್ಲು ದೇವರ ಚಿತ್ರವಲ್ಲ, ದೇವರ ಗುರುತೂ ಅಲ್ಲ. ಪೂಜಿಸುವವನಿಗೆ ಅದು ಸಾಕ್ಷಾತ್ ಇರವು. ಯಾವುದನ್ನೂ ಹೋಲದೆಯೂ ಪೂರ್ಣ ಅರ್ಥವಂತವಾಗಿರುವ ಇಂತಹ ರೂಪಗಳಲ್ಲಿ ಸ್ವಾಮಿನಾಥನ್ ತಮ್ಮ ನವ್ಯಕಲೆಗೆ ಆಧಾರವನ್ನು ಕಂಡರು. ಯೂರೋಪಿನ ಅಮೂರ್ತಕಲೆ ಬೌದ್ಧಿಕವಾದ ಕಳೆಯುವಿಕೆಯಿಂದ ತಲುಪಿದ ಜಾಗದಲ್ಲಿ ಈ ದೇಶದ ಜನಪದರು ಮೊದಲಿನಿಂದಲೂ ನಿಂತಿದ್ದಾರೆ ಎಂಬುದು ಅವರ ನಿಲುವಾಯಿತು. ಇದು ಪೂರ್ತಿ ಹೊಸ ಮಾತೇನಲ್ಲ; ಪಿಕಾಸೋ ಆಫ್ರಿಕದ ಮುಖವಾಡಗಳನ್ನು ಕಂಡಾಗಿನಿಂದ ಆಧುನಿಕರು ಇದನ್ನು ಒಂದಲ್ಲ ಒಂದು ಬಗೆಯಲ್ಲಿ ಹೇಳುತ್ತಲೇ ಬಂದಿದ್ದಾರೆ. ಮುಖವಾಡ ಮಾಡಿದವನ ಹೆಸರು ಕೇಳಬೇಕೆಂದು ಮಾತ್ರ ಅವರಿಗೆ ತೋರಲಿಲ್ಲ. ಸ್ವಾಮಿನಾಥನ್ ಅವರಿಗೂ ಆ ಹಂತದಲ್ಲಿ ತೋರಿರಲಿಲ್ಲ.

ಹೆಸರು ಕೇಳುವ ಅವಕಾಶ ಬಂದದ್ದು ಭೋಪಾಲದಲ್ಲಿ. ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಭಾರತ ಭವನ 1982ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಅದರ ಕಲಾವಿಭಾಗದ ಹೊಣೆ ಹೊತ್ತ ಸ್ವಾಮಿನಾಥನ್ ಒಂದೇ ಸೂರಿನಡಿ ನಗರದ ಆಧುನಿಕ ಕಲೆಯನ್ನೂ ಜನಪದ, ಆದಿವಾಸಿ ಕಲೆಯನ್ನೂ ಇರಿಸಲು ನಿರ್ಧರಿಸಿದರು. ಸಂಗ್ರಹಕ್ಕಾಗಿ ಅವರು ಮಾನವಶಾಸ್ತ್ರಜ್ಞರನ್ನು ಕಳುಹಿಸಲಿಲ್ಲ. ಕಲಾ ವಿದ್ಯಾರ್ಥಿಗಳನ್ನು ತರಬೇತಿ ಕೊಟ್ಟು ಮಧ್ಯಪ್ರದೇಶದ ಹಳ್ಳಿಗಳಿಗೆ ಅಟ್ಟಿದರು. ವಸ್ತುವಿನ ಉಪಯೋಗ, ಆಚರಣೆ, ಕುಲದ ವಿವರಕ್ಕಿಂತ ಮೊದಲು ಕಣ್ಣು ನೋಡಲಿ ಎಂಬುದು ಇದರ ಹಿಂದಿನ ತರ್ಕ. ವಿಧಾನದ ದೃಷ್ಟಿಯಿಂದ ಇದು ಪ್ರಶ್ನಾರ್ಹ. ಆಚರಣೆಯ ವಿವರವಿಲ್ಲದೆ ತಂದ ವಸ್ತು ಅರ್ಧ ಮೂಕವಾಗುತ್ತದೆಂಬುದು ಕ್ಷೇತ್ರಕಾರ್ಯ ಮಾಡಿದ ಯಾರಿಗೂ ಗೊತ್ತು. ಆದರೆ ಆ ವಿದ್ಯಾರ್ಥಿಗಳು ವಸ್ತುಗಳ ಜೊತೆಗೆ ಅವುಗಳನ್ನು ಮಾಡಿದವರ ಹೆಸರನ್ನೂ ತಂದರು ಎಂಬುದು ಅಷ್ಟೇ ಸತ್ಯ.

ಈ ಸಂಗ್ರಹದ ಸಚಿತ್ರ ಗ್ರಂಥವಾಗಿ 1987ರಲ್ಲಿ ಪ್ರಕಟವಾದ ‘ದಿ ಪರ್ಸೀವಿಂಗ್ ಫಿಂಗರ್ಸ್’ ಅವರ ಬರಹಗಳಲ್ಲೇ ಮುಖ್ಯವಾದುದು. ‘ಅರಿಯುವ ಬೆರಳುಗಳು’ ಎಂಬ ಆ ಶೀರ್ಷಿಕೆಯೇ ಒಂದು ವಾದ. ಕನ್ನಡದಲ್ಲಿ ‘ಕೈಗುಣ’ ಎನ್ನುವಾಗ ಅಡುಗೆಗೋ ಔಷಧಕ್ಕೋ ಬೇಸಾಯಕ್ಕೋ ಒದಗುವ, ಹೇಳಿಕೊಡಲಾಗದ ತಿಳಿವೊಂದು ಕೈಯಲ್ಲೇ ಇದೆಯೆಂದು ಒಪ್ಪಿಕೊಂಡಂತಾಗುತ್ತದೆ. ಸ್ವಾಮಿನಾಥನ್ ಹೇಳುವುದೂ ಅದನ್ನೇ: ಮೊದಲು ಆಲೋಚನೆ, ಆಮೇಲೆ ಅದನ್ನು ಜಾರಿಗೊಳಿಸುವ ಕೈ ಎಂಬ ವಿಭಜನೆ ಈ ಕಲೆಗೆ ಅನ್ವಯಿಸುವುದಿಲ್ಲ. ಇಲ್ಲಿಂದ ಅವರು ಸಮಕಾಲೀನತೆಯ ಹೊಸ ವ್ಯಾಖ್ಯೆಗೆ ಬರುತ್ತಾರೆ. ಒಂದೇ ಕಾಲದಲ್ಲಿ ಜೊತೆಜೊತೆಯಾಗಿ ಬದುಕಿರುವ ಸಂಸ್ಕೃತಿಗಳೆಲ್ಲವೂ ಏಕಕಾಲಕ್ಕೆ ಸಿಂಧು. ಅವುಗಳಲ್ಲಿ ಒಂದು ‘ಇಂದು’, ಇನ್ನೊಂದು ‘ನಿನ್ನೆ’ ಎಂಬ ಲೆಕ್ಕ ಆಳುವವರ ಲೆಕ್ಕ. ಕಲೆಯಲ್ಲಿ ಪ್ರಗತಿ ಎಂಬುದಿಲ್ಲ. ಹೀಗಿರುವಾಗ ಆದಿವಾಸಿ ಕಲಾವಿದ ಆಧುನಿಕ ಕಲಾವಿದನ ಪೂರ್ವಜನಲ್ಲ, ಅವನ ಸಮಕಾಲೀನ.

ಈ ಮಾತಿನ ತೂಕ ತಿಳಿಯಲು ಅದನ್ನು ವೆರಿಯರ್ ಎಲ್ವಿನ್ ಅವರ ‘ದಿ ಟ್ರೈಬಲ್ ಆರ್ಟ್ ಆಫ್ ಮಿಡಲ್ ಇಂಡಿಯಾ’ (1951) ಗ್ರಂಥದ ಪಕ್ಕದಲ್ಲಿಟ್ಟು ನೋಡಬೇಕು. ಮಧ್ಯ ಭಾರತದ ಬುಡಕಟ್ಟುಗಳನ್ನು ಎಲ್ವಿನ್‌ರಷ್ಟು ಪ್ರೀತಿಯಿಂದ ಕಂಡವರು ವಿರಳ. ಆದರೂ ಆ ಗ್ರಂಥದ ಮೇಲೆ ವಿಷಾದದ ನೆರಳಿದೆ. ಈ ಜನರ ಸೃಜನಶೀಲತೆಯ ದೊಡ್ಡ ದಿನಗಳು ಕಳೆದುಹೋದವೆಂದೂ ಈಗ ಉಳಿದಿರುವುದು ಅವಶೇಷವೆಂದೂ ಅವರು ನಂಬಿದ್ದರು. ಕಣ್ಮರೆಯಾಗುವ ಮೊದಲು ದಾಖಲಿಸಿಕೊಳ್ಳಬೇಕು ಎಂಬ ಈ ಆತುರ ಎಲ್ವಿನ್ ಒಬ್ಬರದಲ್ಲ. ಜಾನಪದ ಅಧ್ಯಯನ ಹುಟ್ಟಿದ್ದೇ ಅದರಿಂದ. ಕನ್ನಡದ ಆರಂಭಕಾಲದ ಸಂಗ್ರಾಹಕರಲ್ಲೂ ಇದೇ ಧ್ವನಿ ಕೇಳಿಬರುತ್ತದೆ.

ಎಲ್ವಿನ್ ನಲವತ್ತರ ದಶಕದಲ್ಲಿ ನೆಲೆಸಿದ್ದ ಹಳ್ಳಿಗಳಲ್ಲಿ ಪಾಟನ್‌ಗಢ ಒಂದು. ಆಗ ಅದು ಮಂಡ್ಲಾ ಜಿಲ್ಲೆಯಲ್ಲಿತ್ತು, ಈಗ ಡಿಂಡೋರಿ ಜಿಲ್ಲೆಯಲ್ಲಿದೆ. ಅವರ ಸಂಗಾತಿ ಶಾಮರಾವ್ ಹಿವಾಳೆ ಅಲ್ಲಿನ ಪರಧಾನರನ್ನು ಕುರಿತು 1946ರಲ್ಲಿ ಒಂದು ಗ್ರಂಥವನ್ನೇ ಬರೆದರು. ಪರಧಾನರು ಗೊಂಡರ ವಂಶಾವಳಿ ಹಾಡುವ ಕುಲ. ಬಾನಾ ಎಂಬ ತಂತಿವಾದ್ಯ ನುಡಿಸಿ ಬಡಾದೇವನನ್ನು ಎಚ್ಚರಿಸುವವರು. ಸೃಷ್ಟಿಯ ಕಾಲ ಮುಗಿಯಿತೆಂದು ವಿದ್ವಾಂಸರು ಬರೆದ ಸುಮಾರು ಮೂವತ್ತು ವರ್ಷಗಳ ನಂತರ, ಅದೇ ಪಾಟನ್‌ಗಢದ ಮಣ್ಣಿನ ಗೋಡೆಯೊಂದರ ಮೇಲೆ ಭಾರತ ಭವನದ ವಿದ್ಯಾರ್ಥಿಗಳು ಒಂದು ಚಿತ್ರ ಕಂಡರು. ಬರೆದಾತ ಪರಧಾನ ಕುಲದ ತರುಣ, ಜನಗಢ ಸಿಂಗ್ ಶ್ಯಾಮ್. ಸ್ವಾಮಿನಾಥನ್ ಆತನನ್ನು ಭೋಪಾಲಕ್ಕೆ ಕರೆಸಿ ಕಾಗದ, ಕ್ಯಾನ್ವಾಸು, ಅಚ್ಚುಕಲೆಯ ಸಾಮಗ್ರಿ ಒದಗಿಸಿದರು. ಚುಕ್ಕೆ, ಸಣ್ಣ ಗೆರೆಗಳಿಂದ ತುಂಬಿದ ಮೈಯ ಪ್ರಾಣಿಗಳು, ಹಾಡಿನಲ್ಲಷ್ಟೇ ಇದ್ದು ಅಲ್ಲಿಯವರೆಗೆ ರೂಪವೇ ಇಲ್ಲದ ದೈವಗಳು ಕಾಗದಕ್ಕಿಳಿದವು. 1989ರಲ್ಲಿ ಪ್ಯಾರಿಸ್ಸಿನ ‘ಮಜಿಸಿಯಾಂ ದ ಲಾ ತೇರ್’ ಪ್ರದರ್ಶನದಲ್ಲಿ ಜನಗಢರ ಕೃತಿಗಳಿದ್ದವು.

ಇಂದು ಅಂಗಡಿಗಳಲ್ಲಿ ‘ಗೊಂಡ ಚಿತ್ರಕಲೆ’ ಎಂಬ ಹೆಸರಿನಲ್ಲಿ ಮಾರಾಟವಾಗುವುದನ್ನು ಸಾವಿರಾರು ವರ್ಷಗಳ ಪರಂಪರೆಯೆಂದು ಪರಿಚಯಿಸುವುದುಂಟು. ಪರಧಾನರ ಮನೆಗಳಲ್ಲಿ ಡಿಗ್ನಾ ಮತ್ತು ಗೋಡೆಯ ಉಬ್ಬುಚಿತ್ರಗಳಿದ್ದದ್ದು ನಿಜ. ಆದರೆ ಈಗ ಕಾಣುವ ಶೈಲಿ 1980ರ ದಶಕದಲ್ಲಿ, ಒಬ್ಬನ ಕೈಯಲ್ಲಿ, ಒಂದು ಆಧುನಿಕ ಕಲಾಸಂಸ್ಥೆಯ ಆವರಣದಲ್ಲಿ ಮೂಡಿದ್ದು. ಬಲ್ಲವರು ಅದನ್ನು ‘ಜನಗಢ ಕಲಮ್’ ಎಂದು ಕರೆಯುವುದು ಇದಕ್ಕಾಗಿಯೇ. 2023ರಲ್ಲಿ ಗೊಂಡ ಚಿತ್ರಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಒಬ್ಬನ ಕಲಮ್ ನಾಲ್ಕು ದಶಕಗಳಲ್ಲಿ ಒಂದು ಪ್ರದೇಶದ ಸೊತ್ತಾಯಿತು. ಪರಂಪರೆ ಹುಟ್ಟುವುದನ್ನು ಕಣ್ಣೆದುರಿಗೆ ಕಾಣುವ ಇಂತಹ ಅವಕಾಶ ಜಾನಪದ ವಿದ್ವಾಂಸರಿಗೆ ಅಪರೂಪ. ಸ್ವಾಮಿನಾಥನ್ ಅವರ ವಾದ ಸರಿಯೆಂದು ತೋರಿಸಲು ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಪಹಾಡಿ ಕೋರ್ವಾರ ಪ್ರಸಂಗ ಇನ್ನಷ್ಟು ತೊಡಕಿನದು. ಅಂದಿನ ರಾಯಗಢ ಜಿಲ್ಲೆಯ, ಇಂದು ಛತ್ತೀಸಗಢಕ್ಕೆ ಸೇರಿದ, ಗುಡ್ಡಗಾಡಿನಲ್ಲಿರುವ ಈ ಜನರಿಗೆ ಕಾಗದ ಮತ್ತು ಲೇಖನಿ ಕೊಟ್ಟಾಗ ಅಕ್ಷರ ಬಾರದ ಅವರು ಪ್ರಾಣಿಯನ್ನೋ ಮನುಷ್ಯನನ್ನೋ ಬರೆಯದೆ, ಸಾಲುಸಾಲಾಗಿ ಲಿಪಿಯಂತೆ ಕಾಣುವ ಗೆರೆಗಳನ್ನು ಎಳೆದರು. ಸರ್ಕಾರಿ ಕಾಗದಪತ್ರಗಳನ್ನು ನೋಡಿ ನಿರಕ್ಷರಿಗಳು ಮಾಡಿದ ಅನುಕರಣೆ ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. ಸ್ವಾಮಿನಾಥನ್ ಅದನ್ನೊಪ್ಪದೆ, ಓದಲಾಗದ ಆದರೆ ನೋಡಲಾಗುವ ಈ ಗೆರೆಗಳನ್ನು ಮಾಂತ್ರಿಕ ಲಿಪಿಯೆಂದು ಕರೆದು ಚಿತ್ರಗಳಾಗಿಯೇ ಪ್ರದರ್ಶಿಸಿದರು. ಅವರ ಕಣ್ಣಿನ ಔದಾರ್ಯ ಇಲ್ಲಿ ಎದ್ದು ಕಾಣುತ್ತದೆ. ಮಿತಿಯೂ ಇಲ್ಲೇ ಕಾಣುತ್ತದೆ. ಪಟವಾರಿಯ, ಅರಣ್ಯ ಇಲಾಖೆಯ ಬರಹ ಆ ಜನರ ಬದುಕಿನ ಮೇಲೆ ಅಧಿಕಾರ ನಡೆಸುತ್ತಿದ್ದ ವಾಸ್ತವವನ್ನು ಮರೆತು ಅವರ ಗೆರೆಗಳನ್ನು ಓದಲಾಗದು. ಬರಹ ಎಂಬುದು ಅಧಿಕಾರವೆಂದು ಅರಿತವನು ಅದನ್ನು ತನ್ನ ಕೈಗೂ ತಂದುಕೊಳ್ಳಲು ನೋಡಿದ್ದಿರಬಹುದು. ಈ ಅರ್ಥದ ಕಡೆಗೆ ಅವರ ಬರವಣಿಗೆ ಹೊರಳುವುದಿಲ್ಲ.

ಸ್ವಾಮಿನಾಥನ್ ಅವರ ವಿಮರ್ಶಕರು ಹಿಡಿದದ್ದು ಮುಖ್ಯವಾಗಿ ಇದೇ ಎಳೆಯನ್ನು. ‘ಕಂಟೆಂಪೊರರಿ ಇಂಡಿಯನ್ ಆರ್ಟಿಸ್ಟ್ಸ್’ (1978) ಗ್ರಂಥದಲ್ಲಿ ಆರು ಕಲಾವಿದರನ್ನು ಪರಿಶೀಲಿಸಿದ ಗೀತಾ ಕಪೂರ್, ಅವರಲ್ಲೊಬ್ಬರಾದ ಸ್ವಾಮಿನಾಥನ್ ಇತಿಹಾಸವನ್ನು ಬದಿಗಿಡುವ ಬಗೆಯನ್ನು ಪ್ರಶ್ನಿಸಿದವರಲ್ಲಿ ಪ್ರಮುಖರು. ಕಾಲವನ್ನೇ ನಿರಾಕರಿಸಿದರೆ ಆದಿವಾಸಿಯ ಭೂಮಿ ಹೋದ ಚರಿತ್ರೆಯನ್ನು ಎಲ್ಲಿ ಹೇಳುವುದು? ಬಲವಾದ ಆಕ್ಷೇಪಣೆ ಇದು. ಪ್ರಗತಿಯ ಕಲ್ಪನೆಯನ್ನು ಒಡೆಯುವ ಭರದಲ್ಲಿ ಚರಿತ್ರೆಯನ್ನೂ ಒಡೆದ ದೋಷ ಅವರ ಮೊದಲ ಘಟ್ಟದ ಬರಹಗಳಲ್ಲಿ ಇದೆ. ಭೋಪಾಲದ ಬರಹಗಳಲ್ಲಿ ಆದಿವಾಸಿಗಳ ಮೇಲಿನ ಆಕ್ರಮಣ, ಅಭಿವೃದ್ಧಿಯ ಹೆಸರಿನ ಸಮೀಕರಣ ಇವುಗಳ ಬಗೆಗಿನ ಸಿಟ್ಟು ಹೆಚ್ಚುತ್ತದೆಯಾದರೂ ಆ ಸಿಟ್ಟಿಗೂ ಕಲೆಯ ಕಾಲಾತೀತತೆಯ ಸಿದ್ಧಾಂತಕ್ಕೂ ಹೊಂದಿಕೆ ಕಷ್ಟವೇ.

ಇನ್ನೊಂದು ಉತ್ತರ ಮತ್ತೊಬ್ಬ ಚಿತ್ರಕಾರನಿಂದ ಬಂತು. ಕೆ. ಜಿ. ಸುಬ್ರಹ್ಮಣ್ಯನ್ (1924–2016) ಅವರ ‘ದಿ ಲಿವಿಂಗ್ ಟ್ರೆಡಿಷನ್’ ಪ್ರಕಟವಾದದ್ದೂ 1987ರಲ್ಲೇ. ಶಾಂತಿನಿಕೇತನದಲ್ಲಿ ಕಲಿತು, ಕೈಮಗ್ಗ ಮಂಡಳಿಯಲ್ಲಿ ಕೆಲಸ ಮಾಡಿ, ಬರೋಡದಲ್ಲಿ ದೀರ್ಘಕಾಲ ಪಾಠ ಹೇಳಿದ ಅವರಿಗೆ ಕಸುಬುದಾರನ ಆರ್ಥಿಕ ಸ್ಥಿತಿ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ. ಪರಂಪರೆ ಅವರಿಗೆ ಭಾಷೆಯಂತೆ. ಆಡುವವರಿದ್ದರೆ, ಕೇಳುವವರಿದ್ದರೆ, ಆಡಬೇಕಾದ ಸಂದರ್ಭವಿದ್ದರೆ ಬದುಕುತ್ತದೆ. ಮಡಕೆ, ನೇಯ್ಗೆ, ಬೊಂಬೆ, ಗೋಡೆಚಿತ್ರ, ಕ್ಯಾನ್ವಾಸು ಎಲ್ಲವೂ ಒಂದೇ ಸಾಲಿನ ಬೇರೆ ಬೇರೆ ಬಿಂದುಗಳು. ಸ್ವಾಮಿನಾಥನ್ ಪ್ರತಿಭೆಯನ್ನು ಹುಡುಕಿದಲ್ಲಿ ಸುಬ್ರಹ್ಮಣ್ಯನ್ ಆ ಪ್ರತಿಭೆ ನೆಲೆಗೊಳ್ಳುವ ಪರಿಸರವನ್ನು ಹುಡುಕಿದರು. ಜಾನಪದ ಅಧ್ಯಯನಕ್ಕೆ ಸುಬ್ರಹ್ಮಣ್ಯನ್ ಹೆಚ್ಚು ಉಪಯುಕ್ತ ಗುರು ಎನ್ನಬಹುದು. ಆದರೆ ಕಂಡದ್ದನ್ನು ಕೆಡವಿ ಮತ್ತೆ ನೋಡುವಂತೆ ಮಾಡುವ ಶಕ್ತಿ ಸ್ವಾಮಿನಾಥನ್ ಅವರದು.

ಪರಿಸರವಿಲ್ಲದ ಪ್ರತಿಭೆಯ ಕಥೆ ಎರಡು ಬಗೆಯಲ್ಲಿ ನಡೆಯಿತು. 1990ರಲ್ಲಿ ಸ್ವಾಮಿನಾಥನ್ ಭಾರತ ಭವನ ಬಿಟ್ಟರು, 1994ರಲ್ಲಿ ತೀರಿಕೊಂಡರು. ಜನಗಢ ಜಪಾನಿನ ಮಿಥಿಲಾ ವಸ್ತುಸಂಗ್ರಹಾಲಯದಲ್ಲಿ ಚಿತ್ರ ಬರೆಯಲು ಹೋಗಿದ್ದಾಗ 2001ರಲ್ಲಿ ಅಲ್ಲಿಯೇ ಸಾವಿಗೀಡಾದರು, ಆತ್ಮಹತ್ಯೆಯೆಂದು ವರದಿಯಾಯಿತು. ಆ ಸಾವು ದೇಶದ ಕಲಾವಲಯದಲ್ಲಿ ಎಬ್ಬಿಸಿದ ಪ್ರಶ್ನೆಗಳು ಇನ್ನೂ ಆರಿಲ್ಲ. ಸಮಕಾಲೀನನೆಂದು ಸಿದ್ಧಾಂತದಲ್ಲಿ ಒಪ್ಪಿಕೊಂಡವನಿಗೆ ಒಪ್ಪಂದದಲ್ಲಿ, ಸಂಭಾವನೆಯಲ್ಲಿ, ಊರಿಗೆ ಮರಳುವ ಸ್ವಾತಂತ್ರ್ಯದಲ್ಲಿ ಸಮಾನತೆ ದೊರೆಯಬೇಕೆಂದು ಸ್ವಾಮಿನಾಥನ್ ಅವರ ಪ್ರಬಂಧಗಳು ಎಲ್ಲಿಯೂ ವಿವರವಾಗಿ ಹೇಳಿಲ್ಲ. ಹೇಳಬೇಕಾದ ಅಗತ್ಯ ಅವರಿಗೆ ಕಂಡಂತಿಲ್ಲ.

ಇನ್ನೊಂದು ಕಥೆ ಭೂರಿಬಾಯಿ ಅವರದು. ಝಾಬುವಾ ಪ್ರದೇಶದ ಭೀಲ್ ಸಮುದಾಯದ ಈ ಮಹಿಳೆ ಭಾರತ ಭವನದ ಕಟ್ಟಡ ಕೆಲಸಕ್ಕೆ ಕೂಲಿಯಾಗಿ ಬಂದವರು. ಸ್ವಾಮಿನಾಥನ್ ಅವರು ಕಾಗದ ಮತ್ತು ಬಣ್ಣ ಕೊಟ್ಟು ನಿಮ್ಮೂರಿನಲ್ಲಿ ಬರೆಯುವಂತೆ ಬರೆಯಿರಿ ಎಂದು ಕೇಳಿದ್ದರಿಂದ ಬರೆಯಲಾರಂಭಿಸಿದರು. ಭೀಲರಲ್ಲಿ ಹರಕೆಯ ಪಿಠೋರಾ ಕುದುರೆಗಳನ್ನು ಗೋಡೆಯ ಮೇಲೆ ಬರೆಯುವ ಅಧಿಕಾರ ಗಂಡಸರದ್ದು; ಆಚರಣೆಯಿಲ್ಲದೆ ಬರೆಯುವಂತಿಲ್ಲ. ಕಾಗದಕ್ಕೆ ಆ ಕಟ್ಟುಪಾಡು ಇರಲಿಲ್ಲ. ಆಚರಣೆಯಿಂದ ಬೇರ್ಪಟ್ಟ ಚಿತ್ರ ಬಡವಾಗುತ್ತದೆ ಎಂದು ವಿದ್ವಾಂಸರು ಹೇಳುವಾಗ, ಆ ಬೇರ್ಪಡೆಯಿಂದಲೇ ಒಬ್ಬ ಹೆಣ್ಣಿಗೆ ಕುಂಚ ಹಿಡಿಯುವ ಅವಕಾಶ ದೊರೆತದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಭೂರಿಬಾಯಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಈ ಚರ್ಚೆಯ ಹಿನ್ನೆಲೆಯಲ್ಲಿ ಕರ್ನಾಟಕದ ಕಡೆ ತಿರುಗಿದರೆ, ಇಲ್ಲಿಯೂ ಚಿತ್ರಕಾರರೇ ಜನಪದ ಕಲೆಯ ಸಂಗ್ರಾಹಕರಾದ ನಿದರ್ಶನವಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾವ್ ತೊಗಲುಗೊಂಬೆಗಳ ದೊಡ್ಡ ಸಂಗ್ರಹವನ್ನು ಕಟ್ಟಿದರು. ಆದರೆ ಸಂಗ್ರಹಕ್ಕೂ ಹೆಸರಿಗೂ ಇರುವ ಅಂತರ ಇಲ್ಲಿ ಬೇಗ ಕಡಿಮೆಯಾಗಲಿಲ್ಲ. ಹಾಡಿದವಳ ಹೆಸರು, ಊರು, ವಯಸ್ಸು ದಾಖಲಿಸುವ ಪದ್ಧತಿ ಕನ್ನಡದ ಜನಪದ ಗೀತೆಗಳ ಅಧ್ಯಯನದಲ್ಲಿ ಬೆಳೆದ ಮಟ್ಟಿಗೆ ಬರೆದವಳ ಹೆಸರು ದಾಖಲಿಸುವ ಪದ್ಧತಿ ಚಿತ್ರದ ಅಧ್ಯಯನದಲ್ಲಿ ಬೆಳೆಯಲಿಲ್ಲ. ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆಂದು ಸಿಂಗರಿಸುವ ಭೂಮಣ್ಣಿ ಬುಟ್ಟಿ ಇವುಗಳ ವಿನ್ಯಾಸಗಳಿಗೆ ಎಳೆ, ನಿಲಿ, ಪಾಪುಗಳ ಲೆಕ್ಕ ಹಿಡಿದು ವಿವರಣೆ ಕೊಡುವ ಬರಹಗಳಲ್ಲಿ ಆ ಬುಟ್ಟಿಯನ್ನು ಬರೆದವಳು ಬಹುಪಾಲು ‘ದೀವರ ಮಹಿಳೆ’ ಅಷ್ಟೇ. ಊರಿನಲ್ಲಿ ಮಾತ್ರ ಹಾಗಿಲ್ಲ. ಮದುವೆ ಗೊತ್ತಾದ ಮನೆಯವರು ಚಿತ್ತಾರ ಬರೆಸಲು ಹೊರಟಾಗ ಕೈ ಚೆನ್ನಾಗಿರುವವಳು ಯಾರು, ಯಾವ ಮನೆಯವಳು ಎಂದು ವಿಚಾರಿಸಿಕೊಂಡೇ ಹೋಗುತ್ತಾರೆ.